ಚಕ್ರದ ಮಣೆಯ ಧನು ತಿಂಗಳು

ಮೊನ್ನೆ ಬೆಳಿಗ್ಗೆ ಒಬ್ಬರು ಅಜ್ಜಿಯ ಕಾಲದ ಹೊಲಿಗೆ ಮೆಷಿನನ್ನು ರಿಕ್ಷಾದಲ್ಲಿ ಹೇರಿಕೊಂಡು ನಮ್ಮ ಮನೆಗೆ ತಂದರು. ಚಕ್ರ ತಿರುಗುವುದೇ ಇಲ್ಲ, ಎಂತ ಆಗಿದೆ ನೋಡಿ ಅಂದರು. ನಾನು ಟೈಲರ್, ಮೆಕ್ಯಾನಿಕ್ ಅಲ್ಲ. ಆದರೂ ಉಪ್ಪಳ ಪೇಟೆಯಿಂದ ಒಳಗೆ, ಗುಡ್ಡದ ಈ ಪದವಿನ ಮೇಲೆ, ಯಾರ ಮೆಷಿನು ಮುನಿಸಿಕೊಂಡರೂ ಬರುವುದು ನನ್ನ ಹತ್ತಿರವೇ. ಅಡಿಯ ತಗಡು ಬಿಚ್ಚಿದೆ. ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆ. ಧನು ತಿಂಗಳ ಚಳಿ, ಹಳೆಯ ಎಣ್ಣೆಯ ಕಮಟು ವಾಸನೆ, ಕಿಟಕಿಯಿಂದ ಬರುತ್ತಿದ್ದ ಗೇರುಹೂವಿನ ಗಾಳಿ. ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಾನು ಎಲ್ಲಿಗೋ ಹೋಗಿಬಿಟ್ಟೆ. “ಸರಿ ಆಗ್ತದಾ ಅಕ್ಕ?” ಅಂತ ಬಂದವರು ಮತ್ತೆ ಮತ್ತೆ ಕೇಳಿದ ಮೇಲೆ ಎಚ್ಚರಾಯಿತು. ಚಿಮಿಣಿ ಎಣ್ಣೆಯಲ್ಲಿ, ಅಂದರೆ ಸೀಮೆಎಣ್ಣೆಯಲ್ಲಿ, ತೊಳೆದರೆ ಸರಿಯಾಗುತ್ತದೆ ಅಂದೆ. ಆ ವಿದ್ಯೆಯನ್ನು ನಾನು ಇನ್ನೆಲ್ಲೂ ಕಲಿತದ್ದಲ್ಲ, ಒಂದು ಚಕ್ರದ ಮಣೆಯಿಂದ ಕಲಿತದ್ದು.

ಎರಡು ಸಾವಿರದ ಹದಿನೈದು ಮುಗಿಯುತ್ತಿದ್ದ ಧನು ಅದು. ನನಗೆ ಮದುವೆಯಾಗಿ ಮೂರು ವರ್ಷವಾಗಿತ್ತು. ಮೂರು ವರ್ಷ ಅಂತ ಹೇಳುವುದು ಬಾಯಿಮಾತಿಗೆ. ಇವರು ಗಲ್ಫಿನಲ್ಲಿದ್ದರು, ರಜೆಯ ಲೆಕ್ಕ ಹಿಡಿದರೆ ನಾವಿಬ್ಬರೂ ಒಂದೇ ಮಾಡಿನ ಕೆಳಗೆ ಇದ್ದದ್ದು ಮೂರು ತಿಂಗಳೂ ಆಗಲಿಕ್ಕಿಲ್ಲ. ಉಳಿದದ್ದೆಲ್ಲ ಫೋನಿನ ಸಂಸಾರ. ಊಟ ಆಯ್ತಾ, ಆಯ್ತು. ಮಳೆ ಉಂಟಾ, ಉಂಟು. ಅಮ್ಮನ ಸೊಂಟ ನೋವು ಹೇಗಿದೆ, ಹಾಗೇ ಉಂಟು. ಮತ್ತೆ ಎಂತ, ಮತ್ತೆ ಎಂತ ಇಲ್ಲ. ಇಷ್ಟೇ. ನಾನು ಬಾಯಿ ಇರುವವಳು, ತವರಿನಲ್ಲಿ ನನ್ನನ್ನು ರೇಡಿಯೋ ಅಂತ ಕರೆಯುತ್ತಿದ್ದರು. ಅಂಥವಳಿಗೆ ಫೋನಿನಲ್ಲಿ ಗಂಡನ ಹತ್ತಿರ ಮಾತೇ ಸಿಗುತ್ತಿರಲಿಲ್ಲ.

ಆ ಸಲ ಇವರು ಹೇಳದೆ ಕೇಳದೆ ಬಂದರು. ಕಂಪೆನಿ ಬಾಗಿಲು ಹಾಕಿತ್ತು. ಊರಿನವರ ಹತ್ತಿರ ರಜೆ ಅಂದರು. ನಮ್ಮ ಹತ್ತಿರ ಹೊಸ ವೀಸಾ ಬರುವವರೆಗೆ ಅಂದರು. ಬ್ಯಾಗುಗಳ ಜೊತೆ ಕಂಬಳಿಯಲ್ಲಿ ಸುತ್ತಿದ ಉದ್ದದ ಒಂದು ಹಲಗೆ ಇತ್ತು. ನನಗೆ ಇಸ್ತ್ರಿ ಮಾಡುವ ಮಣೆ ತಂದಿದ್ದಾರೆ ಅಂತ ಭಾವಿಸಿದೆ. ಮೇಜಿನ ಮೇಲೆ ಹಳೆ ಬೆಡ್‌ಶೀಟ್ ಹಾಸಿ ಇಸ್ತ್ರಿ ಮಾಡುತ್ತಿದ್ದವಳು ನಾನು, ಕಣ್ಣು ಒದ್ದೆಯಾಯಿತು. ಕಂಬಳಿ ಬಿಚ್ಚಿದರೆ ಅಡಿಯಲ್ಲಿ ನಾಲ್ಕು ಚಕ್ರ.

“ಎಂತ ಇದು?”

“ಲಾಂಗ್‌ಬೋರ್ಡ್,” ಅಂದರು ಇವರು, ನೆಲ ನೋಡುತ್ತಾ. “ಇದರ ಮೇಲೆ ನಿಂತು ಹೋಗುದು. ಒಬ್ಬ ಫ್ರೆಂಡ್ ಊರಿಗೆ ಹೋಗುವಾಗ ಕೊಟ್ಟದ್ದು.”

ಅತ್ತೆ ಬಂದು ಬಗ್ಗಿ ನೋಡಿದರು. “ಮಣೆಗೆ ಚಕ್ರ ಇಟ್ಟಿದ್ದಾರೆ,” ಅಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಚಕ್ರದ ಮಣೆ.

ನಮ್ಮ ಮನೆ ಇರುವುದು ಪದವಿನ ಅಂಚಿನಲ್ಲಿ. ಪದವು ಅಂದರೆ ಕೆಂಪುಕಲ್ಲಿನ ಗುಡ್ಡದ ಚಪ್ಪಟೆ ನೆತ್ತಿ; ಮಳೆಗಾಲ ಕಳೆದರೆ ಒಣಹುಲ್ಲು, ಗಾಳಿ, ದೂರದಲ್ಲಿ ಒಂದು ಗೆರೆಯಷ್ಟು ಕಡಲು. ಮನೆಯ ಮುಂದಿನಿಂದ ರಸ್ತೆ ಗೇರುಮರಗಳ ನಡುವೆ ಇಳಿದು, ಕೆಳಗೆ ಗದ್ದೆಯ ಹತ್ತಿರ ಒಂದು ದೊಡ್ಡ ತಿರುವು ತೆಗೆದುಕೊಂಡು ಪೇಟೆಯ ಕಡೆ ಹೋಗುತ್ತದೆ. ಆ ವರ್ಷವೇ ಪಂಚಾಯತಿನವರು ಅದಕ್ಕೆ ಹೊಸ ಡಾಮರು ಹಾಕಿದ್ದರು. ಎಂಥ ಡಾಮರು ಅಂತೀರಿ, ಹೆಂಚಿನ ಮೇಲೆ ಹೊಯ್ದ ನೀರುದೋಸೆಯೂ ಅಷ್ಟು ನುಣ್ಣಗೆ ಇರುವುದಿಲ್ಲ. ಕಲ್ಲಿನ ಕೋರೆಯ ಲಾರಿಗಳು ಶುರುವಾಗುವ ಮೊದಲು, ಬೆಳಗಿನ ಹೊತ್ತು ಅದರ ಮೇಲೆ ಮಂಜು ಬಿಟ್ಟರೆ ಬೇರೆ ಯಾರೂ ಇರುತ್ತಿರಲಿಲ್ಲ.

ಬಂದ ಒಂದು ವಾರ ಇವರು ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಆಮೇಲೊಂದು ಬೆಳಿಗ್ಗೆ ಮಣೆಯನ್ನು ಬಗಲಿಗಿಟ್ಟುಕೊಂಡು ಹೊರಟರು. ನಾನು ಕಾಫಿ ಲೋಟ ಹಿಡಿದುಕೊಂಡೇ ಹಿಂದಿನಿಂದ ಹೋದೆ. ಇವರು ಮಣೆಯ ಮೇಲೆ ನಿಂತರು, ಮೊಣಕಾಲು ಬಗ್ಗಿಸಿದರು, ಇಳಿಜಾರಿನಲ್ಲಿ ಸ್ವಲ್ಪ ದೂರ ರಾಜನ ಹಾಗೆ ಹೋದರು. ವೇಗ ಹೆಚ್ಚಿದ್ದೇ ಕೈಕಾಲು ಬೀಸುತ್ತಾ ಹಾರಿ, ಓಡಿ, ಗೇರುಮರವನ್ನು ಅಪ್ಪಿಕೊಂಡರು. ಹಾಲಿನ ಸೊಸೈಟಿಗೆ ಕ್ಯಾನು ಹೊತ್ತುಕೊಂಡು ಹೋಗುತ್ತಿದ್ದ ಐತಪ್ಪಣ್ಣ ನಿಂತು ನೋಡಿದರು. “ಎಂತ ಮಾರಾಯ, ದುಬಾಯಿಯಿಂದ ಬಂದದ್ದು ಮರ ಹತ್ತುದು ಕಲಿಲಿಕ್ಕಾ?” ಅಂದರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಇವರು ಶರ್ಟು ಕೊಡವಿಕೊಂಡು, “ಇದು ಸುರು ಅಲ್ವಾ,” ಅಂದರು. ನಾನು ನಕ್ಕೆ. ಎಷ್ಟು ನಕ್ಕೆನೆಂದರೆ ಕಾಫಿ ಚೆಲ್ಲಿಹೋಯಿತು. ಇವರೂ ನಕ್ಕರು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮರುದಿನ ನಾನೂ ಹತ್ತಿದೆ. ಇವರದೇ ಟ್ರ್ಯಾಕ್ ಪ್ಯಾಂಟು, ಇವರದೇ ಟೀಶರ್ಟು, ಬೈಕಿನ ಹೆಲ್ಮೆಟ್ಟು. ಮೊಣಕೈಗೆ ಕಟ್ಟಿಕೊಳ್ಳಲು ಬ್ಲೌಸಿಗೆ ಹಾಕುವ ಪ್ಯಾಡುಗಳನ್ನೇ ಪದರ ಪದರ ಹೊಲಿದೆ. ಯಾರಿಗೂ ಹೇಳಬೇಡಿ ಅಂತ ಇವರ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ, ಈಗ ನಾನೇ ಹೇಳುತ್ತಿದ್ದೇನೆ.

ಈ ಮಣೆಗೆ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ನಿಲ್ಲಬೇಕಾದರೆ ಒಂದೇ ಉಪಾಯ, ಜಾರುವುದು, ಸ್ಲೈಡ್ ಅನ್ನುತ್ತಾರೆ. ಓಡುತ್ತಿರುವಾಗಲೇ ಕುಕ್ಕರಗಾಲಿನಷ್ಟು ತಗ್ಗಿ, ಒಂದು ಕೈಯನ್ನು ಹಿಂದೆ ರಸ್ತೆಗೆ ತಾಗಿಸಿ, ಹಿಂಗಾಲಿನಿಂದ ಮಣೆಯನ್ನು ರಸ್ತೆಗೆ ಅಡ್ಡ ತಳ್ಳಬೇಕು. ಆಗ ಚಕ್ರ ಉರುಳುವುದು ಬಿಟ್ಟು ಡಾಮರಿನ ಮೇಲೆ ಉಜ್ಜಿಕೊಂಡು ಜಾರುತ್ತದೆ, ವೇಗ ಸಾಯುತ್ತದೆ, ಮಣೆ ನಿಲ್ಲುತ್ತದೆ. ಕೈ ಸಿಪ್ಪೆ ಎದ್ದು ಹೋಗದ ಹಾಗೆ ಗ್ಲೌಸ್ ಬೇಕು. ಉಪ್ಪಳದ ಹಾರ್ಡ್‌ವೇರ್ ಅಂಗಡಿಯಿಂದ ಸಿಮೆಂಟ್ ಕೆಲಸದವರ ದಪ್ಪ ಗ್ಲೌಸ್ ತಂದೆ. ಇವರು ತಂದಿದ್ದ ಪ್ಲಾಸ್ಟಿಕ್ಕಿನ ತರಕಾರಿ ಹೆಚ್ಚುವ ಮಣೆಯನ್ನು ಅತ್ತೆ ಒಂದು ದಿನವೂ ಮುಟ್ಟಿರಲಿಲ್ಲ, ಅದನ್ನು ದುಂಡಗೆ ಕತ್ತರಿಸಿ ಅಂಗೈಗೆ ಹೊಲಿದು ಕೂರಿಸಿದೆ. ಇವರು ಫೋನಿನಲ್ಲಿ ವೀಡಿಯೋ ನೋಡಿ ನೋಡಿ ಎಲ್ಲವನ್ನೂ ವಿವರಿಸುತ್ತಿದ್ದರು: ಭಾರ ಮುಂದಿನ ಕಾಲಿಗೆ, ಕೈಗೆ ಅಲ್ಲ, ಕಣ್ಣು ಎಲ್ಲಿ ನೋಡ್ತದೋ ಮೈ ಅಲ್ಲಿಗೆ ಹೋಗ್ತದೆ, ಅರ್ಧ ಮನಸ್ಸಿನಿಂದ ತಳ್ಳಬಾರದು. ವಿವರಣೆಗೆ ಹತ್ತರಲ್ಲಿ ಹತ್ತು. ತಾವು ಮಾತ್ರ ಪ್ರತಿ ಸಲವೂ ಹಾರಿ ಓಡುತ್ತಿದ್ದರು.

ಕೆಳಗಿನ ತಿರುವಿನಾಚೆ ಎಂತ ಬರುತ್ತದೆಂದು ಮೇಲಿಂದ ಕಾಣುವುದಿಲ್ಲ. ಹಾಗಾಗಿ ಒಬ್ಬರು ಇಳಿಯುವಾಗ ಇನ್ನೊಬ್ಬರು ತಿರುವಿನಲ್ಲಿ ಕಾವಲು. ಅದಕ್ಕೆ ನನ್ನ ಮೆಷಿನಿನ ಬುಡದಿಂದ ಎರಡು ಬಟ್ಟೆತುಂಡು ತೆಗೆದುಕೊಂಡೆವು. ಕೆಂಪು ಎತ್ತಿದರೆ ವಾಹನ ಉಂಟು, ನಿಲ್ಲು. ಬಿಳಿ ಎತ್ತಿದರೆ ದಾರಿ ಖಾಲಿ, ಬಾ. ಮಂಜಿನ ನಡುವೆ ಕೆಳಗೆ ಎಲ್ಲೋ ಒಂದು ಬಿಳಿ ಚುಕ್ಕೆ ಅಲ್ಲಾಡುತ್ತಿತ್ತು, ನಾನು ಕಾಲು ಎತ್ತಿ ಮಣೆಯ ಮೇಲಿಡುತ್ತಿದ್ದೆ.

ಇಳಿಯುವುದಕ್ಕೆ ಅರೆಗಳಿಗೆ ಸಾಕು. ಹತ್ತುವುದಕ್ಕೆ ಹೊತ್ತು ಹಿಡಿಯುತ್ತದೆ. ಮಣೆಯನ್ನು ಒಬ್ಬರು ಹೊತ್ತುಕೊಂಡು, ಪಕ್ಕದಲ್ಲಿ ಇನ್ನೊಬ್ಬರು, ಮುಖ ನೋಡದೆ ರಸ್ತೆ ನೋಡುತ್ತಾ ನಡೆಯುವುದು. ಫೋನಿನಲ್ಲಿ ಸಿಗದ ಮಾತು ಅಲ್ಲಿ ಸಿಕ್ಕಿತು. ಸಂಜೆ ಕೆಲಸ ಬಿಟ್ಟ ಮೇಲೆ ಗಲ್ಫಿನ ಕಡಲ ಬದಿಯ ರಸ್ತೆಯಲ್ಲಿ ಇವರು ಕೂತಿರುತ್ತಿದ್ದರಂತೆ. ಹುಡುಗ ಹುಡುಗಿಯರು ಇಂಥ ಮಣೆಗಳ ಮೇಲೆ ಕಾಲೂ ಅಲ್ಲಾಡಿಸದೆ ತೇಲಿಕೊಂಡು ಹೋಗುತ್ತಿದ್ದರಂತೆ. “ಅವರನ್ನು ನೋಡಿದ್ರೆ ನಂಗೆ ನಮ್ಮ ಈ ರಸ್ತೆ ನೆನಪಾಗ್ತಿತ್ತು,” ಅಂದರು ಒಮ್ಮೆ. ಅಜಾನ್ ಮುಗಿದು, ದೂರದಲ್ಲಿ ಮಂಗಳೂರಿನ ಕಡೆ ಹೋಗುವ ರೈಲು ಕೂಗಿ, ಗದ್ದೆಯ ಮೇಲಿನ ಮಂಜು ಕಿತ್ತಳೆ ಬಣ್ಣಕ್ಕೆ ತಿರುಗುವ ಹೊತ್ತು. ಆ ಬೆಳಗುಗಳೆಲ್ಲ ನನಗೆ ಈಗ ಒಂದೇ ಉದ್ದದ ಬೆಳಗಾಗಿ ನೆನಪಿವೆ. ಯಾವ ಮಾತು ಯಾವ ದಿನದ್ದೆಂದು ಬಿಡಿಸಿ ಹೇಳಲಾರೆ. ನಮ್ಮ ಮದುವೆ ಚಪ್ಪರದ ಕೆಳಗೆ ಆಯಿತು, ಆದರೆ ಸಂಸಾರ ಶುರುವಾದದ್ದು ಆ ಏರುದಾರಿಯಲ್ಲಿ.

ಒಂದು ಮಾತು ಮಾತ್ರ ಚೆನ್ನಾಗಿ ನೆನಪಿದೆ. ಹತ್ತುತ್ತಿರುವಾಗ ಫೋನ್ ಬಂತು, ಗಲ್ಫಿನ ಸ್ನೇಹಿತನದ್ದು. ಬೇಸಗೆಯೊಳಗೆ ವೀಸಾ ಆದೀತು ಅಂದನಂತೆ. ಈಗಷ್ಟೇ ಕೈಗೆ ಸಿಕ್ಕಿದ ಮನುಷ್ಯ, ಮತ್ತೆ ಊಟ ಆಯ್ತಾ, ಮಳೆ ಉಂಟಾ.

“ನನ್ನನ್ನೂ ಕರ್ಕೊಂಡು ಹೋಗ್ತೀರಾ?” ಅಂದೆ. “ಇಲ್ಲದಿದ್ರೆ ನೀವೇ ಇಲ್ಲಿ ಇರ್ತೀರಾ? ಎರಡರಲ್ಲಿ ಒಂದು.”

“ನೋಡುವ,” ಅಂದರು.

ನೋಡುವ. ಇಲ್ಲ ಅನ್ನಲು ಧೈರ್ಯವಿಲ್ಲದವರು, ಹೌದು ಅನ್ನಲು ಮನಸ್ಸಿಲ್ಲದವರು ನಮ್ಮ ಕಡೆ ಹೇಳುವುದು ಇದನ್ನೇ. ಮೂರು ವರ್ಷದಿಂದ ನಾನು ಏನು ಕೇಳಿದರೂ ಇವರ ಉತ್ತರ ಇದೇ. ನನಗೆ ನೆತ್ತಿಗೇರಿತು. ರಸ್ತೆಯ ನಡುವೆ ನಿಂತೆ.

“ಒಂದು ಮಾತು ಉಂಟು. ಮೇಲಿಂದ ಬಂದು, ಹಾರದೆ, ಬೀಳದೆ, ಈ ಮಣೆಯನ್ನು ತಿರುವಿನ ಹತ್ರ ಸ್ಲೈಡ್ ಮಾಡಿ ನಿಲ್ಲಿಸ್ತೇನೆ. ಆವತ್ತು ನೀವು ಸರಿಯಾದ ಉತ್ತರ ಹೇಳ್ಬೇಕು. ಹೌದಾದ್ರೆ ಹೌದು, ಇಲ್ಲವಾದ್ರೆ ಇಲ್ಲ. ನೋಡುವ ಅಂತ ಹೇಳಿದ್ರೆ ಮಣೆಯನ್ನು ಒಲೆಗೆ ಹಾಕ್ತೇನೆ.”

ಇವರು ಮಣೆಯನ್ನು ಇನ್ನೊಂದು ಬಗಲಿಗೆ ಬದಲಿಸಿದರು. ಆಮೇಲೆ, “ಆಯ್ತು,” ಅಂದರು.

ಆ ದಿನದಿಂದ ನನಗೆ ಅದು ಆಟವಾಗಿ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಬಿದ್ದೆ. ತೊಡೆ ನೀಲಿ, ಸೊಂಟ ನೀಲಿ, ಒಂದು ಕಡೆಯ ಮೊಣಕಾಲು ಕುಂಬಳಕಾಯಿ. ಚಿಕ್ಕವಳಿದ್ದಾಗ ಅಗಲ್ಪಾಡಿಯ ತವರಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡವರಿಗೆ ಇಳಿಜಾರು ಬಂದರೆ ಹಿಂದೆ ವಾಲುವ ಅಭ್ಯಾಸ ಮೈಗೆ ಹತ್ತಿರುತ್ತದೆ. ಹಾಳೆಗೆ ಅದು ಸರಿ. ಇಲ್ಲಿ ಹಿಂದೆ ವಾಲಿದರೆ ಮಣೆ ಮುಂದೆ ಹೋಗುತ್ತದೆ, ನಾವು ಅಲ್ಲಿಯೇ ಕೂರುತ್ತೇವೆ. ಆ ಚಟ ಬಿಡಿಸಿಕೊಳ್ಳುವಷ್ಟರಲ್ಲಿ ಮಕರ ಸಂಕ್ರಾಂತಿ ಹತ್ತಿರ ಬಂತು. ಆಮೇಲೆ ಭಾರ ಮುಂದಿನ ಕಾಲಿಗೆ ಬಂತು, ಕೈ ಹಗುರವಾಗಿ ಡಾಮರಿಗೆ ತಾಗಿತು, ಎಲ್ಲವೂ ಇವರು ಹೇಳಿದ ಹಾಗೆಯೇ. ಆದರೂ ಮಣೆಯನ್ನು ಅಡ್ಡ ತಳ್ಳಿದ ಕೂಡಲೇ ಚಕ್ರ ರಸ್ತೆಯನ್ನು ಕಚ್ಚಿ ಹಿಡಿಯುತ್ತಿತ್ತು, ನಾನು ಅದರ ಮೇಲಿಂದ ಆಚೆ ಬೀಳುತ್ತಿದ್ದೆ.

“ಮಣೆಯಲ್ಲೇ ಎಂತದೋ ಉಂಟು,” ಅಂದೆ.

ಅತ್ತೆ ನನ್ನ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಡುತ್ತಿದ್ದರು. “ಕುಣಿಲಿಕ್ಕೆ ಬಾರದವಳು ನೆಲ ಡೊಂಕು ಅಂದಳಂತೆ,” ಅಂದು ಗಂಟನ್ನು ಇನ್ನೂ ಸ್ವಲ್ಪ ಒತ್ತಿದರು.

ಅತ್ತೆಯ ವಿಷಯ ಹೇಳಬೇಕು. ಮಾವ ಮುಂಬಯಿಯ ಹೋಟೆಲಿನಲ್ಲಿದ್ದವರು, ಅಲ್ಲಿಯೇ ತೀರಿಕೊಂಡವರು. ಅತ್ತೆ ಈ ಪದವಿನ ಮನೆಯಲ್ಲಿ ಒಬ್ಬರೇ ಮಗನನ್ನು ಬೆಳೆಸಿದ್ದರು. ಸೊಸೆ ಗಂಡನ ಪ್ಯಾಂಟು ಹಾಕಿಕೊಂಡು ರಸ್ತೆಯಲ್ಲಿ ಬೀಳುವುದನ್ನು ನೋಡಿ ಬೈಯುತ್ತಾರೆ ಅಂತ ನಾನು ಕಾದೆ, ಬೈಯಲಿಲ್ಲ. ಒಂದು ದಿನ ತೆಂಗಿನಕಾಯಿ ತುರಿಯುತ್ತಾ, “ಯಾಕೆ ಶಶಿ ಹೀಗೆ ಹಟ ಹಿಡಿದಿದ್ದಿ?” ಅಂತ ಕೇಳಿದರು. ನಾನು ಮುಚ್ಚುಮರೆ ಇಲ್ಲದೆ ಹೇಳಿದೆ, ಹೀಗೆ ಹೀಗೆ ಮಾತಾಗಿದೆ, ಗೆದ್ದರೆ ನಿಮ್ಮ ಮಗ ಉತ್ತರ ಹೇಳಬೇಕು ಅಂತ. ಅತ್ತೆಯ ಕೈ ನಿಂತಿತು. ಆಮೇಲೆ ತುರಿಯುವುದನ್ನು ಮುಂದುವರಿಸಿದರು.

ಮಕರದ ಚಳಿ ಆ ವರ್ಷ ಜೋರಿತ್ತು. ಅಷ್ಟು ಹೊತ್ತಿಗೆ ಮಣೆ ದಿನದಿಂದ ದಿನಕ್ಕೆ ಮೊಂಡಾಗುತ್ತಾ ಬಂತು. ಮೇಲಿಂದ ಬಿಟ್ಟರೆ ಗರ್ಭಿಣಿ ಎಮ್ಮೆಯ ಹಾಗೆ ಇಳಿಯುತ್ತಿತ್ತು. ಇವರು, “ನಿಂಗೆ ಹೆದರಿಕೆ, ಮೈ ಬಿಗಿ ಹಿಡಿತಿ, ಅದಕ್ಕೇ ನಿಧಾನ,” ಅಂದರು. ವೇಗವಿಲ್ಲದೆ ಚಕ್ರ ಜಾರುವುದಿಲ್ಲ, ಕಚ್ಚುತ್ತದೆ ಅಂತ ವೀಡಿಯೋದಲ್ಲಿ ಹೇಳಿದ್ದಾರೆ ಅಂತಲೂ ಅಂದರು. ಹಾಗಾದರೆ ತಪ್ಪು ನನ್ನ ಹೆದರಿಕೆಯದ್ದೇ ಅಂದುಕೊಂಡೆ. ಆ ದಿನ ಗೇರುಮರದ ಬುಡದಲ್ಲಿ ಕೂತು ನಾನು ಅತ್ತುಬಿಟ್ಟೆ. ನೋವಿಗಲ್ಲ. ವೀಸಾ ಯಾವಾಗ ಬೇಕಾದರೂ ಬರಬಹುದಿತ್ತು, ನನಗೆ ಉತ್ತರ ಸಿಗದೆಯೇ ಇವರು ವಿಮಾನ ಹತ್ತಿಬಿಡುತ್ತಾರೆ ಅಂತ.

ಮನೆಗೆ ಬಂದು ಮಣೆಯನ್ನು ಮೆಷಿನಿನ ಪಕ್ಕ ಒರಗಿಸಿದೆ. ಕಾಲು ತಾಗಿ ಒಂದು ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು. ಟೈಲರಿನ ಕಿವಿಗೆ ಅದು ಗೊತ್ತಾಗುತ್ತದೆ, ಗಾಲಿ ಸಲೀಸಾಗಿ ತಿರುಗುವ ಸದ್ದು ಯಾವುದು, ಗಂಟಲು ಕಟ್ಟಿದ ಸದ್ದು ಯಾವುದು ಅಂತ. ಮೂಗಿನ ಹತ್ತಿರ ಹಿಡಿದೆ. ತೆಂಗಿನೆಣ್ಣೆ. ಚಕ್ರ ಬಿಚ್ಚಿ ನೋಡಿದರೆ ಬೇರಿಂಗಿನ ಒಳಗೆಲ್ಲ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ, ಅದಕ್ಕೆ ಅಂಟಿದ ಕೆಂಪು ಧೂಳು. ಬಚ್ಚಲಿನ ಬಾಟಲಿಯಲ್ಲಿ ಚಳಿಗೆ ಗಟ್ಟಿಯಾಗುತ್ತದಲ್ಲ, ಹಾಗೆಯೇ.

“ಅತ್ತೆ, ಇದಕ್ಕೆ ಎಣ್ಣೆ ಹಾಕಿದ್ದು ಯಾರು?”

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. “ನಾನೇ. ದಿನಾ ಸಂಜೆ ಹಾಕ್ತೇನೆ.”

ಬಾಗಿಲ ತಿರುಗಣೆಗೆ ಎಣ್ಣೆ, ಬಾವಿಯ ಕಪ್ಪಿಗೆ ಎಣ್ಣೆ, ಕತ್ತರಿಗೆ ಎಣ್ಣೆ, ತಲೆಗೆ ಎಣ್ಣೆ, ಸುಟ್ಟ ಗಾಯಕ್ಕೂ ಎಣ್ಣೆ. ನಮ್ಮ ಊರಿನಲ್ಲಿ ತೆಂಗಿನೆಣ್ಣೆ ತಾಗದ ವಸ್ತು ಯಾವುದಿದೆ. ನನ್ನ ಬಾಯಿಯ ತುದಿಗೆ ಬೈಗಳು ಬಂದಿತ್ತು. ಒಂದು ತಿಂಗಳು ನಾನು ಸೊಂಟ ಮುರಿದುಕೊಂಡದ್ದು ಈ ಎಣ್ಣೆಗಾ ಅಂತ.

“ನೀನು ಬೇಗ ಕಲ್ತುಕೊಳ್ಳಲಿ ಅಂತ ಹಾಕಿದ್ದು,” ಅಂದರು ಅತ್ತೆ. “ನುಣ್ಣಗೆ ಹೋಗ್ಲಿ ಅಂತ.” ಸೆರಗಿನಿಂದ ಕೈ ಒರೆಸಿಕೊಂಡರು. “ನಾನು ನಿನ್ನ ಮಾವನ ಹತ್ರ ಕೇಳ್ಲೇ ಇಲ್ಲ ಶಶಿ. ವರ್ಷಕ್ಕೊಮ್ಮೆ ಬರ್ತಿದ್ರು, ಹೋಗ್ತಿದ್ರು. ಕೇಳಿದ್ರೆ ಎಂತ ಹೇಳ್ತಿದ್ರೋ, ಗೊತ್ತಿಲ್ಲ. ನೀನು ಕೇಳು.”

ಬೈಗಳು ಗಂಟಲಿನಲ್ಲೇ ಕರಗಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಎಣ್ಣೆಯ ಕೈ, ಜಾರುತ್ತಿತ್ತು. “ನೆಲ ಡೊಂಕೇ ಇತ್ತು ಅತ್ತೆ,” ಅಂದೆ. ಇಬ್ಬರಿಗೂ ನಗು ಬಂತು, ಕಣ್ಣೀರೂ ಬಂತು.

ಅಂದು ಮಧ್ಯಾಹ್ನ ಬೇರಿಂಗುಗಳನ್ನೆಲ್ಲ ಬಿಚ್ಚಿ ಚಿಮಿಣಿ ಎಣ್ಣೆಯಲ್ಲಿ ನೆನೆಹಾಕಿದೆ. ಒರೆಸಿ, ಬಿಸಿಲಿಗಿಟ್ಟು, ಒಂದೊಂದಕ್ಕೂ ಮೆಷಿನ್ ಆಯಿಲ್ ಬಿಟ್ಟೆ. ಮತ್ತೆ ಜೋಡಿಸಿ ಚಕ್ರ ತಿರುಗಿಸಿದರೆ ಅದು ನಿಲ್ಲುವುದೇ ಇಲ್ಲ. ಇವರು, ಅತ್ತೆ, ನಾನು ಮೂವರೂ ಜಗಲಿಯಲ್ಲಿ ಕೂತು ಆ ಚಕ್ರ ತಿರುಗುವುದನ್ನೇ ನೋಡಿದೆವು.

ಮರುದಿನ ಮಣೆ ಬೇರೆಯೇ ಪ್ರಾಣಿಯಾಗಿತ್ತು. ಕಾಲಿಟ್ಟದ್ದೇ ಹಿಡಿತ ತಪ್ಪಿಸಿಕೊಂಡು ಓಡಿತು. ನಾನು ಹೆದರಿ ಇವರ ಹಾಗೆಯೇ ಹಾರಿಬಿಟ್ಟೆ. ಹಾರಿ, ಓಡಿ, ಮತ್ತೆ ಹತ್ತಿ, ಹೀಗೆ ಕೆಲವು ದಿನ ಬರೀ ವೇಗದ ಹೆದರಿಕೆ ಬಿಡಿಸಿಕೊಳ್ಳಲು ಹೋಯಿತು. ಅದು ಬಿಟ್ಟ ಮೇಲೆ ಅರ್ಧ ದಾರಿಯಲ್ಲಿ ಒಂದೊಂದು ಚೂರು ಜಾರತೊಡಗಿತು. ಗೇಣಷ್ಟು ಜಾರಿ ಬಿದ್ದೆ, ಮಾರಷ್ಟು ಜಾರಿ ಬಿದ್ದೆ. ಗೇರುಮರಗಳಲ್ಲಿ ಹೂ ಉದುರಿ ಎಳೆಕಾಯಿ ಕಾಣಿಸಿಕೊಂಡಿತ್ತು. ಅಷ್ಟರಲ್ಲಿ ವೀಸಾ ಬಂತು. ಟಿಕೆಟಿನ ದಿನವೂ ಗೊತ್ತಾಯಿತು. ಇವರು ಅದನ್ನು ಹೇಳಿ ನನ್ನ ಮುಖ ನೋಡಿದರು. ನಾನು ಗ್ಲೌಸಿಗೆ ಹೊಸ ಪ್ಲಾಸ್ಟಿಕ್ ಬಿಲ್ಲೆ ಹೊಲಿಯುತ್ತಿದ್ದೆ, ಹೊಲಿಗೆ ಮುಗಿಸಿಯೇ ಎದ್ದೆ.

ಆ ಬೆಳಿಗ್ಗೆ ಮಂಜು ದಪ್ಪಗಿತ್ತು. ನಾನು ಮೇಲೆ, ಇವರು ಕೆಳಗೆ ತಿರುವಿನಲ್ಲಿ. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಬಿಳಿ ಅಲ್ಲಾಡಿತು. ನಾನು ತಳ್ಳಿಕೊಂಡೆ. ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿತು, ಗೇರುಮರಗಳು ಎರಡೂ ಕಡೆ ಹರಿದುಹೋದವು, ಆಮೇಲೆ ಸದ್ದೆಲ್ಲ ಅಡಗಿ ನಾನು ಎಚ್ಚರದಲ್ಲೇ ನಿದ್ದೆ ಮಾಡುತ್ತಿದ್ದೇನೆ ಅನ್ನಿಸಿತು. ಹೆದರಿಕೆ ಇರಲಿಲ್ಲ. ಐತಪ್ಪಣ್ಣನ ಹಾಲಿನ ಕ್ಯಾನಿನ ಮೇಲೆ ಬಿದ್ದ ಬೆಳಕು ಈಗಲೂ ಕಣ್ಣಿಗೆ ಕಟ್ಟಿದೆ. ತಗ್ಗಿದೆ. ಕೈ ಡಾಮರಿಗೆ ತಾಗಿತು. ಭುಜ ತಿರುಗಿಸಿ, ಬಂದ ದಾರಿಯ ಕಡೆ ಕಣ್ಣು ಹಾಯಿಸಿ, ಪೂರ್ತಿ ಮನಸ್ಸಿನಿಂದ ತಳ್ಳಿದೆ. ಚಕ್ರ ಕಚ್ಚಲಿಲ್ಲ. ಹೊಸ ಸೀರೆಯನ್ನು ಒಂದೇ ಎಳೆತಕ್ಕೆ ಹರಿದಂಥ ಒಂದು ಉದ್ದದ ಸದ್ದು. ರಸ್ತೆ ನನ್ನ ಕೈಯ ಕೆಳಗೆ ಹರಿಯಿತು, ಹರಿಯಿತು, ನಿಧಾನವಾಯಿತು. ನಿಂತಿತು. ನಾನು ಮಣೆಯ ಮೇಲೆಯೇ ಇದ್ದೆ.

ಇವರು ಕೈಗೆಟಕುವಷ್ಟು ದೂರದಲ್ಲಿ ಬಿಳಿ ಬಟ್ಟೆ ಹಿಡಿದುಕೊಂಡು ನಿಂತಿದ್ದರು. ಸುಟ್ಟ ಚಕ್ರದ ವಾಸನೆ ಬರುತ್ತಿತ್ತು. ಐತಪ್ಪಣ್ಣ ಕ್ಯಾನು ಕೆಳಗಿಟ್ಟು, “ನಿಂತಿತಲ್ಲ ಮಾರಾಯ್ತಿ,” ಅಂದು, ಗಂಡಹೆಂಡತಿಯ ಮುಖ ನೋಡಿ, ಕ್ಯಾನು ಎತ್ತಿಕೊಂಡು ಹೋದರು.

ನಾನು ಹೆಲ್ಮೆಟ್ ತೆಗೆದೆ. “ಹೇಳಿ,” ಅಂದೆ.

ಇವರು ರಸ್ತೆಯ ಬದಿಯಲ್ಲಿ ಕೂತರು. “ಇಲ್ಲ ಶಶಿ,” ಅಂದರು. “ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ನನ್ನ ಕೆಲಸಕ್ಕೆ ಅಲ್ಲಿ ಹೆಂಡತಿಯನ್ನು ಕರ್ಸ್ಲಿಕ್ಕೆ ಬಿಡುದಿಲ್ಲ. ಒಂದು ಕೋಣೆಯಲ್ಲಿ ಅಟ್ಟದ ಹಾಗೆ ಮಂಚ, ಮೇಲೆ ಒಬ್ಬ, ಕೆಳಗೆ ಒಬ್ಬ, ಅಷ್ಟು ಜನ ಇರುದು ನಾವು. ಅದಕ್ಕೇ ಸಂಜೆ ಕಡಲ ಹತ್ರ ಹೋಗಿ ಕೂರ್ತಿದ್ದದ್ದು. ಕೋಣೆಯಲ್ಲಿ ಕೂರ್ಲಿಕ್ಕೆ ಜಾಗ ಇಲ್ಲ.” ಬಟ್ಟೆಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. “ಇಲ್ಲಿ ಇರುವ ಅಂದ್ರೆ, ಇಲ್ಲಿ ಎಂತ ಮಾಡುದು ಅಂತ ಗೊತ್ತಿಲ್ಲ. ನಂಗೆ ಹೆದರಿಕೆ ಆಗ್ತದೆ.”

ಮೂರು ವರ್ಷದಲ್ಲಿ ಅವರು ನನಗೆ ಕೊಟ್ಟ ಮೊದಲ ನೇರ ಉತ್ತರ, ಅದೂ ಇಲ್ಲ. ಸಿಟ್ಟು ಬಂತು, ದುಃಖ ಬಂತು, ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿ ಬಂತು ಅಂದರೆ ನೀವು ನಂಬಬೇಕು. ಫೋಟೋಗಳಲ್ಲಿ ಯಾವಾಗಲೂ ಕಡಲ ಮುಂದೆ ನಿಂತು ನಗುತ್ತಿದ್ದ ಮನುಷ್ಯ ಅಂದು ನನ್ನ ಪಕ್ಕ ಕೂತು ಹೆದರಿಕೆ ಆಗ್ತದೆ ಅಂದರು. ನಾನೂ ಕೂತೆ. ಗದ್ದೆಯ ಮೇಲೆ ಕೊಕ್ಕರೆಗಳು ಇಳಿದವು. ಮೊದಲ ಲಾರಿ ಬರುವವರೆಗೂ ಕೂತೇ ಇದ್ದೆವು.

ಹತ್ತುವಾಗ ಇವರೇ ಮಾತು ತೆಗೆದರು. “ಎರಡು ವರ್ಷ. ಆಮೇಲೆ ಹೋಗುದಿಲ್ಲ.”

“ನೋಡುವ,” ಅಂದೆ ನಾನು. ಬಾಯಿಚಾಳಿ, ಹೋಗುತ್ತದಾ.

ವಿಷು ಹಬ್ಬ ಕಳೆದು ಇವರು ಹೋದರು. ಆಮೇಲೆ ಮಳೆ ಹಿಡಿಯಿತು, ರಸ್ತೆಯ ಮೇಲೆ ಪಾಚಿ ಕಟ್ಟಿತು, ಮಣೆ ಅಟ್ಟ ಸೇರಿತು. ಮೆಷಿನಿನ ಮೇಲಿನ ಮೊಳೆಯಲ್ಲಿ ಕೆಂಪು ತುಂಡು ಮಾತ್ರ ನೇತಾಡುತ್ತಿತ್ತು, ಬಿಳಿ ಇರಲಿಲ್ಲ. ಅತ್ತೆ ಎಲ್ಲಿಯೋ ಪಾತ್ರೆ ಒರೆಸಲು ತೆಗೆದುಕೊಂಡಿರಬೇಕು ಅಂದುಕೊಂಡು ಸುಮ್ಮನಾದೆ. ಫೋನಿನಲ್ಲಿ ಮಾತ್ರ ಮಾತು ಬೇರೆಯಾಗಿತ್ತು. ಯಾವ ಮಂಚದವನು ಗೊರಕೆ ಹೊಡೆಯುತ್ತಾನೆ, ಯಾರ ಮನೆಯಿಂದ ಉಪ್ಪಿನಕಾಯಿ ಬಂತು, ಎಲ್ಲ ಹೇಳುತ್ತಿದ್ದರು. ಪ್ರತಿ ಧನು ತಿಂಗಳು ನಾನು ಮಣೆ ಇಳಿಸಿ, ಮೆಷಿನ್ ಆಯಿಲ್ ಬಿಟ್ಟು, ಬೆಳಿಗ್ಗೆ ಅರ್ಧ ದಾರಿಯವರೆಗೆ ಹೋಗಿ ನಿಲ್ಲಿಸಿ ಬರುತ್ತಿದ್ದೆ. ತಿರುವಿನಲ್ಲಿ ಕಾವಲು ಇರಲಿಲ್ಲವಲ್ಲ, ಪೂರ್ತಿ ಇಳಿಯುತ್ತಿರಲಿಲ್ಲ.

ಎರಡು ವರ್ಷ ಕಳೆದು ಮತ್ತೂ ಒಂದು ಮಳೆಗಾಲ ಹೋಯಿತು. ನಾನು ಕೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಧನು ಬಂತು. ಒಂದು ಬೆಳಿಗ್ಗೆ ರಸ್ತೆಯ ತಲೆಯಲ್ಲಿ ನಿಂತು ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದೆ. ಕೆಳಗೆ ಗದ್ದೆಯ ಹತ್ತಿರ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕೋರೆಯವರು ಯಾರೋ ಇರಬೇಕು ಅಂದುಕೊಂಡು ಕಾದು ನಿಂತೆ.

ಆಗ ತಿರುವಿನಲ್ಲಿ ಬಿಳಿ ಬಟ್ಟೆ ಮೇಲೆದ್ದಿತು.

ನಾನು ಹೇಗೆ ಇಳಿದೆನೋ ತಿಳಿಯದು. ತಗ್ಗಲಿಲ್ಲ, ಕೈ ರಸ್ತೆಗೆ ತಾಗಿಸಲಿಲ್ಲ, ಕಲಿತ ವಿದ್ಯೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ. ತಿರುವಿನ ಹತ್ತಿರ ಇವರ ಹಾಗೆಯೇ ಕೈಕಾಲು ಬೀಸುತ್ತಾ ಹಾರಿ, ಓಡಿ, ಹೋಗಿ ಇವರಿಗೇ ಡಿಕ್ಕಿ ಹೊಡೆದೆ. ಪೆಟ್ಟಿಗೆ ಒಂದು ಕಡೆ, ಹೆಲ್ಮೆಟ್ ಒಂದು ಕಡೆ. ಮಣೆ ತನ್ನ ಪಾಡಿಗೆ ತಿರುವು ದಾಟಿ ಹೋಗಿ ಗದ್ದೆಗೆ ಬಿತ್ತು. ಅದನ್ನು ತೆಗೆಯಲು ಸಂಜೆಯವರೆಗೂ ಯಾರೂ ಹೋಗಲಿಲ್ಲ.